ಫರ್ನೇಸಿನ ಮೂಗು ಕಟ್ಟಿದ ರಾತ್ರಿ

ರಾತ್ರಿ ಎರಡೂವರೆಗೆ ಮೂಗಿನ ತುದಿ ಮರಗಟ್ಟಿ ಎಚ್ಚರವಾಯಿತು. ಶಿಕಾಗೋ ಪಕ್ಕದ ನೇಪರ್‌ವಿಲ್, ಜನವರಿ ತಿಂಗಳು, ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಮಗಳ ಬಾಣಂತನಕ್ಕೆಂದು ಬಂದವಳು ನಮ್ಮನೆಯವಳು. ನಾನು ಲಗೇಜು ಹೊರಲು ಜೊತೆಗೆ ಬಂದವನು. ಹಜಾರದ ಗೋಡೆಯ ಥರ್ಮೋಸ್ಟಾಟ್ ನೋಡಿದೆ. 70ಕ್ಕೆ ಇಟ್ಟಿದ್ದದ್ದು 59ಕ್ಕೆ ಇಳಿದಿತ್ತು. ಅದು ಫ್ಯಾರನ್‌ಹೀಟ್ ಲೆಕ್ಕ, ನಮ್ಮ ಲೆಕ್ಕದಲ್ಲಿ 15. ಮೈಸೂರಿನವರು ಸ್ವೆಟರ್ ಹಾಕಿ ವಾಕಿಂಗ್ ಹೋಗುವಷ್ಟು ಚಳಿ, ಆದರೆ ಮನೆಯೊಳಗೆ, ಹದಿನೆಂಟು ದಿನದ ಕೂಸಿನ ಪಕ್ಕದಲ್ಲಿ.

ಅಳಿಯ ಎದ್ದು ಬೇಸ್‌ಮೆಂಟಿಗೆ ಓಡಿದ. "ಮಾವ, ನೀವು ಮಲಗಿ" ಎಂದ. ಮಲಗುವುದೆಲ್ಲಿ? ನಾನೂ ಇಳಿದೆ. ಫರ್ನೇಸ್ ಅಂದರೆ ನಾನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊದುಕುಲುಮೆಯಂಥದ್ದನ್ನು ನೆನೆದುಕೊಂಡಿದ್ದೆ. ಅಲ್ಲಿ ನಿಂತಿದ್ದದ್ದು ಗಾಡ್ರೆಜ್ ಬೀರುವಿನಷ್ಟು ದೊಡ್ಡ ತಗಡಿನ ಪೆಟ್ಟಿಗೆ. ಒಳಗೆ ಏನೋ ಗುಂಯ್ ಎನ್ನುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಗುಂಯ್ ಎನ್ನುತ್ತಿತ್ತು. ಬೆಂಕಿ ಮಾತ್ರ ಇಲ್ಲ. ಚಿಕ್ಕದೊಂದು ಕೆಂಪು ದೀಪ ಮೂರು ಸಲ ಮಿನುಗಿ ಸುಮ್ಮನಾಗುತ್ತಿತ್ತು, ಮತ್ತೆ ಮೂರು ಸಲ.

ಮೇಲಿನಿಂದ ನಮ್ಮನೆಯವಳು ಕೂಗಿದಳು: "ರೀ, ಅಡುಗೆಮನೇಲಿ ನಾಲ್ಕೂ ಒಲೆ ಹಚ್ಚಿಬಿಟ್ರೆ ಬೆಚ್ಚಗಾಗಲ್ವೇನ್ರೀ?" ನನಗೂ ಸರಿಯೆನಿಸಿತು. ಅಷ್ಟರಲ್ಲಿ ಅಳಿಯ ರಾತ್ರಿಪಾಳಿಯ ರಿಪೇರಿಯವನೊಡನೆ ಫೋನಿನಲ್ಲಿದ್ದ. ಆ ಕಡೆಯಿಂದ ಬಂದ ಮೊದಲ ಮಾತೇ ಅದಂತೆ: ಒಲೆ ಹಚ್ಚಬೇಡಿ, ಓವನ್ ತೆರೆದಿಡಬೇಡಿ, ಗ್ರಿಲ್ ಒಳಗೆ ತರಬೇಡಿ, ಕಂಬಳಿ ಹೊದ್ದು ಒಂದೇ ಕೋಣೆಯಲ್ಲಿರಿ.

ಐವತ್ತು ನಿಮಿಷಕ್ಕೆ ಬಂದ. ಆರಡಿ ಆಳು, ಗಡ್ಡದಲ್ಲಿ ಹಿಮದ ಪುಡಿ. ಪೆಟ್ಟಿಗೆಯ ಬಾಗಿಲು ತೆಗೆದು ದೀಪದ ಮಿನುಗು ಎಣಿಸಿದ, ಬಾಗಿಲ ಒಳಮೈಗೆ ಅಂಟಿಸಿದ್ದ ಚೀಟಿಯನ್ನು ಓದಿದ. ಹತಾರದ ಪೆಟ್ಟಿಗೆ ಮುಟ್ಟದೆ ಮತ್ತೆ ಬೂಟು ಹಾಕಿಕೊಂಡು ಹೊರಗೆ ಹೋದ. ಮನೆಯ ಪಕ್ಕದ ಗೋಡೆಯ ಬುಡದಲ್ಲಿ ಎರಡು ಬಿಳಿ ಪಿವಿಸಿ ಕೊಳವೆಗಳು, ನಮ್ಮ ಸಿಂಕಿನ ಕೆಳಗೆ ಇರುತ್ತವಲ್ಲ, ಅಂಥವು. ಅಲ್ಲಿಗೆ ಗಾಳಿ ಹಿಮವನ್ನು ಗುಡ್ಡೆ ಹಾಕಿತ್ತು. ಗ್ಲೌಸಿನ ಕೈಯಲ್ಲಿ ಗೋರಿ ಗೋರಿ ತೆಗೆದ. ಒಳಗೆ ಬರುವಷ್ಟರಲ್ಲಿ ಫರ್ನೇಸ್ ಹೊತ್ತಿಕೊಂಡಿತ್ತು. 189 ಡಾಲರ್ ಬಿಲ್ಲು. ನಮ್ಮ ದುಡ್ಡಿಗೆ ಗುಣಿಸಬಾರದೆಂದು ಮಗಳು ವಿಮಾನ ನಿಲ್ದಾಣದಲ್ಲೇ ತಾಕೀತು ಮಾಡಿದ್ದಳು. ಗುಣಿಸಿದೆ.

ಚಹಾ ಕೊಟ್ಟು ಅವನನ್ನು ಹತ್ತು ನಿಮಿಷ ಕೂರಿಸಿಕೊಂಡೆ. ಹಿಮ ಸರಿಸಿದ್ದಕ್ಕೆ ಅಷ್ಟು ದುಡ್ಡೇ ಎಂಬ ಹೊಟ್ಟೆಯುರಿ ನನ್ನದು. ಅವನು ಅದನ್ನು ಗ್ರಹಿಸಿಯೋ ಏನೋ, ಪೆಟ್ಟಿಗೆಯ ಬಾಗಿಲು ಮತ್ತೆ ತೆರೆದು ಒಂದೊಂದೇ ಭಾಗ ತೋರಿಸಿದ.

ಮನೆ ತಣ್ಣಗಾಯಿತೆಂದು ಥರ್ಮೋಸ್ಟಾಟ್ ಹೇಳಿದೊಡನೆ ಬೆಂಕಿ ಹೊತ್ತುವುದಿಲ್ಲ. ಮೊದಲು ಒಂದು ಪುಟ್ಟ ಫ್ಯಾನು ತಿರುಗಿ ಒಳಗಿನ ಹಳೆಯ ಗಾಳಿಯನ್ನು ಹೊರಕ್ಕೆ ತಳ್ಳುತ್ತದೆ. ರಾತ್ರಿ ಗುಂಯ್ ಎನ್ನುತ್ತಿದ್ದದ್ದು ಅದೇ. ಹೊಗೆಯ ದಾರಿ ಸಲೀಸಾಗಿದೆ ಎಂದು ರಬ್ಬರ್ ಪೊರೆಯ ಒಂದು ಸ್ವಿಚ್ಚಿಗೆ ಗೊತ್ತಾಗಬೇಕು. ಆಮೇಲೆ ಹೊತ್ತಿಸುವ ಕಡ್ಡಿ ಕೆಂಪಗೆ ಕಾಯುತ್ತದೆ, ಆಮೇಲೆ ಗ್ಯಾಸು ಬರುತ್ತದೆ. ಹೊತ್ತಿದ ಮೇಲೂ ನಂಬಿಕೆಯಿಲ್ಲ. ಉರಿಯೊಳಗೆ ಚಾಚಿದ ಸಣ್ಣ ಲೋಹದ ಸರಳಿನ ಮೂಲಕ ವಿದ್ಯುತ್ತು ಹರಿಯಬೇಕು. ಬೆಂಕಿ ವಿದ್ಯುತ್ತನ್ನು ಒಯ್ಯುತ್ತದೆ ಎಂಬುದೇ ನನಗೆ ಹೊಸ ಸುದ್ದಿ. ಹರಿಯುವುದು ಕೆಲವೇ ಮೈಕ್ರೋಆಂಪ್, ಅಂದರೆ ಆಂಪಿಯರಿನ ಹತ್ತು ಲಕ್ಷದಲ್ಲಿ ಕೆಲವು ಪಾಲು. ಅದು ಸಿಗದಿದ್ದರೆ ಕೆಲವು ಸೆಕೆಂಡಿನಲ್ಲಿ ಗ್ಯಾಸು ಬಂದ್. ಈ ಸರಳಿಗೆ ಕಿಟ್ಟ ಕಟ್ಟಿದರೂ ಫರ್ನೇಸ್ ಹೊತ್ತಿಕೊಂಡು ಆರಿ, ಹೊತ್ತಿಕೊಂಡು ಆರಿ ಆಟವಾಡಿಸುತ್ತದೆ. ನಯವಾದ ಉಕ್ಕಿನ ನಾರಿನಲ್ಲಿ ಉಜ್ಜಿದರೆ ಸರಿಹೋಗುತ್ತದೆ. ಎಲ್ಲ ಸರಿಯಿದ್ದು ಅರ್ಧ ನಿಮಿಷವೋ ಒಂದು ನಿಮಿಷವೋ ಕಳೆದ ಮೇಲೆ ದೊಡ್ಡ ಬ್ಲೋವರ್ ಶುರುವಾಗಿ ಬಿಸಿಗಾಳಿ ಕೋಣೆಕೋಣೆಗೆ ಹೋಗುತ್ತದೆ.

ಅಂದರೆ ಆ ರಾತ್ರಿ ಫರ್ನೇಸ್ ಕೆಟ್ಟಿರಲೇ ಇಲ್ಲ. ಉಸಿರು ಬಿಡಲು ಜಾಗವಿಲ್ಲದ್ದರಿಂದ ಬೆಂಕಿ ಹಚ್ಚಿಕೊಳ್ಳಲು ಒಪ್ಪಿರಲಿಲ್ಲ. ನಾವು ಚಳಿಯಲ್ಲಿ ನಡುಗುವಂತೆ ಮಾಡಿ ನಮ್ಮ ಪ್ರಾಣ ಕಾದಿತ್ತು. 189 ಡಾಲರಿನ ಹೊಟ್ಟೆಯುರಿ ಅಲ್ಲಿಗೆ ಅರ್ಧ ಇಳಿಯಿತು.

ಒಳಗಿನ ಮುಖ್ಯ ಅಂಗ ಇನ್ನೂ ಸರಳ. ಲೋಹದ ಕೊಳವೆಗಳ ಒಳಗೆ ಬೆಂಕಿ, ಹೊರಗೆ ಮನೆಯ ಗಾಳಿ, ಒಂದಕ್ಕೊಂದು ಮುಟ್ಟುವಂತಿಲ್ಲ. ನಮ್ಮ ಬಚ್ಚಲ ಹಂಡೆಯಲ್ಲಿ ನೀರಿಗೂ ಬೆಂಕಿಗೂ ನಡುವೆ ತಾಮ್ರ ಇರುವ ಹಾಗೆ. ಹಂಡೆ ಸೋರಿದರೆ ಒಲೆ ಚುಂಯ್ ಎಂದು ಹೇಳಿಬಿಡುತ್ತದೆ. ಫರ್ನೇಸಿನ ಲೋಹ ಬಿರುಕು ಬಿಟ್ಟರೆ ಸದ್ದಿಲ್ಲ. ಹೊಗೆ ಮನೆಯ ಗಾಳಿಗೆ ಬೆರೆತು ಮಂಚದವರೆಗೆ ಬರುತ್ತದೆ. ಬಿರುಕು ಬರುವುದು ವಯಸ್ಸಿನಿಂದ, ಮತ್ತೆ ಮತ್ತೆ ಅತಿಯಾಗಿ ಕಾಯುವುದರಿಂದ. ಅತಿಯಾಗಿ ಕಾಯುವುದಕ್ಕೆ ತೀರ ಸಾಮಾನ್ಯ ಕಾರಣ, ಬದಲಾಯಿಸದ ಫಿಲ್ಟರು. ಅಳಿಯನದನ್ನು ಎಳೆದು ತೋರಿಸಿದ. ಹದಿನಾರು ಇಂಚು ಅಗಲ, ಇಪ್ಪತ್ತೈದು ಇಂಚು ಉದ್ದ, ಒಂದಿಂಚು ದಪ್ಪದ ರಟ್ಟಿನ ಚೌಕಟ್ಟು. ಬಿಳಿ ಇರಬೇಕಾದದ್ದು ಹಳೇ ಕಂಬಳಿಯ ಬಣ್ಣಕ್ಕೆ ತಿರುಗಿತ್ತು. ಇಂಥ ತೆಳು ಫಿಲ್ಟರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಬೇಕು, ಚೌಕಟ್ಟಿನ ಮೇಲಿನ ಬಾಣ ಬ್ಲೋವರ್ ಕಡೆಗೆ ಇರಬೇಕು. "ಯಾವಾಗ ಹಾಕಿದ್ದು?" ಎಂದು ಕೇಳಿದ. ಅಳಿಯ ಸಾಫ್ಟ್‌ವೇರಿನವನು, ಫೋನಿನ ಅಪ್‌ಡೇಟು ಬಂದ ದಿನವೇ ಹಾಕಿಕೊಳ್ಳುವವನು. ಚಾವಣಿ ನೋಡಿದ.

ಉರಿ ನೀಲಿಯಾಗಿರಬೇಕು, ಹಳದಿಯಾಗಿ ಸೋಮಾರಿಯಂತೆ ಓಲಾಡಿದರೆ ಕರೆಯಬೇಕು. ಚಳಿಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ತಿಳಿದವರಿಂದ ತಪಾಸಣೆ ಮಾಡಿಸಬೇಕು. ಹಿಮ ಬಿದ್ದ ದಿನ ಕಾರಿನ ದಾರಿಗಿಂತ ಮೊದಲು ಆ ಎರಡು ಬಿಳಿ ಕೊಳವೆಗಳ ಸುತ್ತ ಗೋರಬೇಕು. ಪಕ್ಕದಲ್ಲಿ ಪೇಂಟು, ಪೆಟ್ರೋಲು, ಹಳೇ ರಟ್ಟಿನ ಡಬ್ಬ ಇಡಬಾರದು. ಇವನ್ನೆಲ್ಲ ಅವನು ಒಂದೇ ಉಸಿರಿನಲ್ಲಿ ಹೇಳಿದ, ನಾನೂ ಹಾಗೇ ಬರೆದಿದ್ದೇನೆ.

ನಿಧಾನವಾಗಿ ಹೇಳಬೇಕಾದದ್ದು ವಾಸನೆಯ ವಿಷಯ. ಮರುದಿನ ನಮ್ಮನೆಯವಳು ಧೈರ್ಯವಾಗಿ ಹೇಳಿದಳು: "ಏನಾದ್ರೂ ಆಗಿದ್ರೆ ವಾಸನೆ ಬರ್ತಿರ್ಲಿಲ್ವೇ?" ನಮ್ಮಲ್ಲಿ ಬಹುಪಾಲು ಜನ ಹೀಗೇ ನಂಬಿದ್ದೇವೆ. ಗ್ಯಾಸಿಗೆ ಸ್ವಂತ ವಾಸನೆಯೇ ಇಲ್ಲ. 1937ರ ಮಾರ್ಚ್ 18ರಂದು ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯ ಕೆಳಗೆ ಸೋರಿ ತುಂಬಿಕೊಂಡಿದ್ದ ಗ್ಯಾಸು ಸ್ಫೋಟಿಸಿ ಸುಮಾರು 300 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಗ್ಯಾಸಿಗೆ ದುರ್ವಾಸನೆ ಬೆರೆಸಲೇಬೇಕೆಂಬ ಕಾನೂನು ಬಂದದ್ದು ಅದರ ನಂತರ. ಆದರೆ ಬೆರೆಸಿದ ವಾಸನೆ ಸೋರಿದ ಗ್ಯಾಸನ್ನು ಮಾತ್ರ ತೋರಿಸಿಕೊಡುತ್ತದೆ. ಅದು ಬಂದರೆ ದೀಪ ಹಚ್ಚದೆ, ಆರಿಸದೆ, ಎಲ್ಲರೂ ಹೊರಗೆ ಹೋಗಿ, ಅಲ್ಲಿಂದ ಫೋನು ಮಾಡಬೇಕು. ಗ್ಯಾಸು ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ಸುಸ್ತು. ಜನ ಜ್ವರ ಬರುತ್ತಿದೆ ಎಂದುಕೊಂಡು ಮಾತ್ರೆ ನುಂಗಿ ಮಲಗುತ್ತಾರೆ. ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು ಬಂದು, ಹೊರಗೆ ಹೋದಾಗ ಇಳಿದರೆ ಅನುಮಾನಿಸಬೇಕು. ಬೆಂಕಿ ಅನಾಹುತಗಳನ್ನು ಬಿಟ್ಟು, ಆಕಸ್ಮಿಕವಾಗಿ ಈ ವಿಷಗಾಳಿಗೆ ಅಮೆರಿಕದಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಸಾಯುತ್ತಾರೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ, ಸಿಡಿಸಿ, ಹೇಳುತ್ತದೆ.

ಅದಕ್ಕೇ ಅಲಾರಂ. ದೊಡ್ಡ ನಗರಗಳಲ್ಲಿ ಮೊದಲು ಅದನ್ನು ಕಡ್ಡಾಯ ಮಾಡಿದ ಊರು ಶಿಕಾಗೋ, 1994ರಲ್ಲಿ. ಆ ಡಿಸೆಂಬರಿನಲ್ಲಿ ಗಾಳಿ ಅಲುಗಾಡದೆ ನಿಂತು ಊರಿನ ಹೊಗೆಯೆಲ್ಲ ಕೆಳಗೇ ಉಳಿದು, ಸಾವಿರಾರು ಮನೆಯ ಅಲಾರಂಗಳು ಕೂಗಿ ಅಗ್ನಿಶಾಮಕದವರನ್ನು ಹೈರಾಣು ಮಾಡಿದವು. ಆದರೂ ಊರು ಕಾನೂನನ್ನು ಕೈಬಿಡಲಿಲ್ಲ. 2007ರಿಂದ ಇಲಿನಾಯ್ ರಾಜ್ಯದಲ್ಲೆಲ್ಲ ಮಲಗುವ ಕೋಣೆಯಿಂದ ಹದಿನೈದು ಅಡಿಯೊಳಗೆ ಒಂದು ಇರಬೇಕು. ಮಗಳ ಮನೆಯಲ್ಲೂ ಇತ್ತು, ಹಸಿರು ದೀಪ ಉರಿಯುತ್ತಿತ್ತು, ಗುಂಡಿ ಒತ್ತಿದರೆ ಕಿವಿ ಹರಿಯುವಂತೆ ಕೂಗುತ್ತಿತ್ತು. ರಿಪೇರಿಯವನು ಅದನ್ನು ತಿರುವಿ ಹಿಂಬದಿಯ ತಾರೀಕು ಓದಿದ: 2006. ಇವುಗಳ ಆಯುಸ್ಸು ಐದರಿಂದ ಹತ್ತು ವರ್ಷ. ಗುಂಡಿ ಪರೀಕ್ಷಿಸುವುದು ಅದರ ಗಂಟಲನ್ನು; ಮೂಗು ಸತ್ತು ಎಷ್ಟು ಕಾಲವಾಗಿದೆಯೋ ಗುಂಡಿಗೆ ಗೊತ್ತಾಗುವುದಿಲ್ಲ.

ಇನ್ನೊಂದು, ಹೊಗೆಯ ಅಲಾರಂ, ಕೂಸಿನ ಕೋಣೆಯ ಚಾವಣಿಯಲ್ಲಿತ್ತು. ಅದರ ಬ್ಯಾಟರಿ ನಮ್ಮ ಅಡುಗೆಮನೆಯ ಡ್ರಾಯರಿನಲ್ಲಿತ್ತು. ಕಾರಣ ಲೋಬಾನ. ಕೂಸಿಗೆ ಎಣ್ಣೆನೀರು ಹಾಕಿದ ಮೇಲೆ ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಕೊಡದಿದ್ದರೆ ನಮ್ಮನೆಯವಳಿಗೆ ಬಾಣಂತನವೇ ಅಲ್ಲ. ಮೊದಲ ದಿನವೇ ಅಲಾರಂ ಮೂರು ಮೂರು ಸಲ ಕಿರುಚಿತು. ಅಳಿಯ ಕುರ್ಚಿ ಹತ್ತಿ ಬ್ಯಾಟರಿ ಕಿತ್ತ. ಅಗ್ಗಿಷ್ಟಿಕೆಗೆ ತಂದಿದ್ದ ಇದ್ದಿಲ ಚೀಲವನ್ನು ನಾನು ಆ ಬೆಳಗ್ಗೆಯಷ್ಟೇ ಸರಿಯಾಗಿ ನೋಡಿದೆ. ಮನೆ, ಡೇರೆ, ವಾಹನ ಮೂರರ ಚಿತ್ರ, ಮೂರರ ಮೇಲೂ ಅಡ್ಡಗೆರೆ. ಕೆಂಡವೂ ಉಗುಳುವುದು ಅದೇ ವಿಷಗಾಳಿಯನ್ನು. ತೊಟ್ಟಿಮನೆಯಲ್ಲಿ, ಹೆಂಚಿನ ಸಂದಿನಲ್ಲಿ ಗಾಳಿಯಾಡುತ್ತಿದ್ದಲ್ಲಿ ನಮ್ಮಜ್ಜಿ ಮಾಡಿದ್ದನ್ನು, ಚಳಿಗೆಂದು ರಬ್ಬರ್ ಪಟ್ಟಿ ಹಚ್ಚಿ ಸಂದುಗೊಂದು ಮುಚ್ಚಿದ ಮನೆಯಲ್ಲಿ ಮಾಡುತ್ತಿದ್ದೆವು. ಈ ಮಾತಿನ ಮೇಲೆ ನನಗೂ ನಮ್ಮನೆಯವಳಿಗೂ ಎರಡು ದಿನ ಮಾತು ನಿಂತಿತು. ಮೂರನೆಯ ದಿನ ಬ್ಯಾಟರಿ ಚಾವಣಿಗೆ ಮರಳಿತು. ಹೊಸ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಬಂತು. ಅದು ಕಿರುಚಿದರೆ ನಾಲ್ಕು ನಾಲ್ಕು ಸಲ. ಮೂರಕ್ಕೂ ನಾಲ್ಕಕ್ಕೂ ವ್ಯತ್ಯಾಸವನ್ನು ಅವಳಿಗೆ ಬಾಯಿಪಾಠ ಮಾಡಿಸಿದೆ. ಎಲ್ಲರ ಎದುರಿಗೆ ತಪ್ಪು ಹೇಳಿದವನು ನಾನು.

ಬಿಸಿನೀರಿನ ಒಲೆಗೂ ಇದಕ್ಕೂ ಏನು ಸಂಬಂಧ ಎನ್ನುವವರಿಗೆ ವಿಟಾಸ್ ಗೆರುಲೈಟಿಸ್ ಕಥೆ ಹೇಳಬೇಕು. 1977ರ ಆಸ್ಟ್ರೇಲಿಯನ್ ಓಪನ್ ಗೆದ್ದ ಟೆನಿಸ್ ಆಟಗಾರ. 1994ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಸೌತಾಂಪ್ಟನ್‌ನಲ್ಲಿ ಗೆಳೆಯರ ಮನೆಯ ಅತಿಥಿಗೃಹದಲ್ಲಿ ಮಲಗಿದ್ದ. ಈಜುಕೊಳದ ನೀರು ಕಾಯಿಸುವ ಗ್ಯಾಸ್ ಹೀಟರಿನ ಹೊಗೆಯ ಕೊಳವೆಯನ್ನು ಸರಿಯಾಗಿ ಕೂರಿಸಿರಲಿಲ್ಲ. ಹೊಗೆ ಅವನ ಕೋಣೆಗೆ ಬಂತು. ನಲವತ್ತು ವರ್ಷದವನು, ಏಳಲಿಲ್ಲ.

ಫೆಬ್ರವರಿ ಕೊನೆಯಲ್ಲಿ ಬೆಂಗಳೂರಿಗೆ ಮರಳಿದ ಬೆಳಗ್ಗೆ ಸ್ನಾನಕ್ಕೆ ಹೋದವನು ಟವಲ್ ಹಿಡಿದು ಸುಮ್ಮನೆ ನಿಂತುಬಿಟ್ಟೆ. ಐದಡಿ ಏಳಡಿಯ ಬಚ್ಚಲುಮನೆ. ಗೋಡೆಯಲ್ಲಿ ಒಂಬತ್ತು ವರ್ಷದ ಗ್ಯಾಸ್ ಗೀಸರ್. ಮೇಲಿನ ಗವಾಕ್ಷಿಗೆ ಪಾರಿವಾಳ ಬರುತ್ತದೆಂದು ನಾನೇ ಪ್ಲೈವುಡ್ ಹೊಡೆದದ್ದು. ಬಾಗಿಲ ಕೆಳಗಿನ ಸಂದಿಗೆ ಜಿರಲೆ ಬಾರದಂತೆ ರಬ್ಬರ್ ಪಟ್ಟಿ, ಅದೂ ನನ್ನ ಕೈಚಳಕ. ಉರಿ ಆರಿದರೆ ಗ್ಯಾಸು ನಿಲ್ಲಿಸುವ ಕೀಲಿ ಇದಕ್ಕಿದೆ. ಹೊಗೆ ಹೋಗಲು ದಾರಿಯಿಲ್ಲ ಎಂದು ಹಟ ಹಿಡಿದು ಹೊತ್ತಿಕೊಳ್ಳದೇ ಇರುವ ಬುದ್ಧಿ ಇಲ್ಲ. ನಲ್ಲಿ ತಿರುಗಿಸಿದರೆ ಉರಿಯುತ್ತದೆ, ಒಳಗಿರುವವನು ಬಿದ್ದ ಮೇಲೂ ಉರಿಯುತ್ತದೆ. ಚಳಿಗಾಲದಲ್ಲಿ ಬಚ್ಚಲುಮನೆಯಲ್ಲಿ ದಂಪತಿ ಸಾವು ಎಂಬ ಒಂದು ಕಾಲಂ ಸುದ್ದಿ ಓದಿ ಪುಟ ಮಗುಚಿದವರಲ್ಲಿ ನಾನೂ ಒಬ್ಬ. ಸಾಯದೆ, ಸ್ನಾನದ ಮಧ್ಯೆ ಪ್ರಜ್ಞೆ ತಪ್ಪಿದವರನ್ನು ಮೂರ್ಛೆರೋಗವೆಂದು ತಿಳಿಯುವುದೂ ಉಂಟು. ನರರೋಗ ವೈದ್ಯರು ಇದಕ್ಕೆ ಗ್ಯಾಸ್ ಗೀಸರ್ ಸಿಂಡ್ರೋಮ್ ಎಂದೇ ಹೆಸರಿಟ್ಟಿದ್ದಾರೆ.

ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದೆ: ಬಚ್ಚಲೊಳಗಿನ ಗ್ಯಾಸ್ ಗೀಸರುಗಳನ್ನೆಲ್ಲ ಯುಟಿಲಿಟಿಗೆ ಸಾಗಿಸಬೇಕೆಂದು ನಿಯಮ ಮಾಡೋಣ. ಹನ್ನೊಂದು ಮಂದಿ ಹೆಬ್ಬೆರಳೆತ್ತಿದರು. ಕಾರ್ಯದರ್ಶಿಗಳು ಮುಂದಿನ ಮಹಾಸಭೆಯಲ್ಲಿ ನೋಡೋಣ ಎಂದರು. ಆ ಸಂಜೆಯ ಉಳಿದ ಚರ್ಚೆಯೆಲ್ಲ ಪಾರ್ಕಿಂಗ್ ಬಗ್ಗೆ.

ನಮ್ಮದನ್ನಂತೂ ಭಾನುವಾರ ಪ್ಲಂಬರ್ ಬಂದು ಗೋಡೆ ಕೊರೆದು ಹೊರಗಿನ ಯುಟಿಲಿಟಿ ಬಾಲ್ಕನಿಗೆ ಸಾಗಿಸಿದ. ಎರಡು ಸಾವಿರದ ಇನ್ನೂರು ರೂಪಾಯಿ. ಗವಾಕ್ಷಿಯ ಪ್ಲೈವುಡ್ ಕಿತ್ತು ಜಾಲರಿ ಹಾಕಿದ. ಯಾಕೆ ಇಷ್ಟೆಲ್ಲ ಎಂದು ಕೇಳಿದ್ದಕ್ಕೆ ನೇಪರ್‌ವಿಲ್ಲಿನ ಹಿಮದ ಕಥೆಯಿಂದ ಶುರುಮಾಡಿ ಎಲ್ಲ ಹೇಳಿದೆ. ಹತಾರ ಚೀಲಕ್ಕೆ ತುಂಬುತ್ತ ಕೇಳಿಸಿಕೊಂಡ.

"ಸಾರ್, ನಮ್ಮನೇಲೂ ಒಳಗೇ ಇದೆ. ಬಾಗಿಲು ಸ್ವಲ್ಪ ತೆಗೆದಿಟ್ಕೊಂಡ್ರೆ ಸಾಕಾ?"

"ಸಾಕಾಗಲ್ಲಪ್ಪ. ಸದ್ಯಕ್ಕೆ ಬಕೆಟ್ ತುಂಬಿಸ್ಕೊಂಡು, ಗೀಸರ್ ಆರಿಸಿ, ಗಾಳಿ ಆಡಿದ ಮೇಲೆ ಒಳಗೆ ಹೋಗಿ. ಮುಂದಿನ ಭಾನುವಾರ ನಿಮ್ಮದನ್ನೂ ಹೊರಗೆ ಹಾಕ್ಬಿಡಿ. ಕೆಲಸ ಗೊತ್ತಿರೋರು ನೀವೇ."

ಅವನು ಚೀಲದ ಜಿಪ್ಪು ಎಳೆದ. "ಬಾಡಿಗೆ ಮನೆ ಸಾರ್. ಓನರು ಮೊಳೆ ಹೊಡಿಯಕ್ಕೂ ಬಿಡಲ್ಲ."