ಡ್ರಾಕುಲಾನ ಕೋಟೆಯಲ್ಲಿ ಅರ್ಧ ಗಂಟೆ



ಹೋದ ಸಲ ಮಾವಿನಕಾಯಿ ಗೊಜ್ಜಿನ ಬಗ್ಗೆ ಬರೆದವಳು ಈ ಸಲ ರಕ್ತ ಹೀರುವ ಡ್ರಾಕುಲಾನ ವಿಷಯ ತೆಗೆದಿದ್ದಾಳೆಂದು ನೀವು ನಗಬಹುದು. ನಗಿ, ಪರವಾಗಿಲ್ಲ. ನಮ್ಮನೆಯವರೂ ನಕ್ಕರು. ಊಟ ಮುಗಿದು, ಪಾತ್ರೆ ತೊಳೆದು ಕವುಚಿಟ್ಟು, ಕಾಫಿಗೆ ಇನ್ನೂ ಹೊತ್ತಿದೆ ಎನ್ನುವಾಗ ಸಿಗುತ್ತದಲ್ಲ ಅರ್ಧ ಗಂಟೆ? ಅದರಲ್ಲಿ ನಾನೀಗ ವಿಡಿಯೋ ಗೇಮ್ ಆಡುತ್ತೇನೆ!

ಇದರ ಬೇರು 1994ರ ಬೇಸಿಗೆ ರಜೆಯಲ್ಲಿದೆ. ನನಗಾಗ 13 ವರ್ಷ. ಸೋದರಮಾವನ ಮನೆಗೆ ಹೋಗಿದ್ದೆ. ಮಾವನ ಮಗ, ಅಂದರೆ ನನ್ನ ಭಾವ, ಟಿವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆ ಇಟ್ಟುಕೊಂಡು ಬಾಡಿಗೆ ಕ್ಯಾಸೆಟ್ ತಂದು ಹಗಲಿಡೀ ಆಡುತ್ತಿದ್ದ. ಕತ್ತಲ ಕೋಟೆ, ಸಾಲುಸಾಲು ಮೇಣದಬತ್ತಿ, ಚಾವಟಿ ಹಿಡಿದ ವೀರ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. “ಭಾವ, ಒಂದ್ಸಲ ನಂಗೂ ಕೊಡೋ” ಎಂದರೆ, “ನಿಂಗೆ ಬರಲ್ಲ ಕಣೇ, ಹೋಗು. ಮಾಳಿಗೆ ಮೇಲೆ ಸಂಡಿಗೆ ಹಾಕಿದಾರೆ, ಕಾಗೆ ಕಾಯಿ” ಎನ್ನುತ್ತಿದ್ದ. ಆ ರಜೆಯಿಡೀ ನಾನು ಕಾಗೆ ಓಡಿಸಿದೆ. ರಿಮೋಟು ಕೈಗೆ ಸಿಗಲೇ ಇಲ್ಲ.

ಆ ಆಟದ ಹೆಸರು ಕ್ಯಾಸಲ್‌ವೇನಿಯಾ. ಜಪಾನಿನ ಕೊನಾಮಿ ಕಂಪನಿ 1986ರಲ್ಲಿ ಹೊರತಂದದ್ದು. ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಕಾದಂಬರಿಯ ಡ್ರಾಕುಲಾನೇ ಇಲ್ಲಿಯ ಖಳ. ಸೈಮನ್ ಬೆಲ್ಮಾಂಟ್ ಎಂಬ ವೀರ 18 ಹಂತ ದಾಟಿ ಅವನನ್ನು ಕೊಲ್ಲಬೇಕು. ದಾರಿಯಲ್ಲಿ ದೊಡ್ಡ ಬಾವಲಿ, ಹಾವುಗೂದಲಿನ ಮೆಡೂಸಾ, ಬಟ್ಟೆ ಸುತ್ತಿದ ಹೆಣಗಳು, ಕುಡುಗೋಲು ಹಿಡಿದ ಸಾವು, ಎಲ್ಲರೂ ಕಾದಿರುತ್ತಾರೆ. 2019ರಲ್ಲಿ ಕಂಪನಿಯವರು ಇಂಥ ಹಳೆಯ ಎಂಟು ಆಟಗಳನ್ನು ಒಟ್ಟು ಸೇರಿಸಿ ಮತ್ತೆ ಕೊಟ್ಟರು. ಕಾಲೇಜು ರಜೆಗೆ ಬಂದ ಮಗಳ ಕಂಪ್ಯೂಟರಿನಲ್ಲಿ ಆ ಮೇಣದಬತ್ತಿ ಕಂಡದ್ದೇ ತಡ, “ಇದು ನಂಗೆ ಗೊತ್ತು!” ಎಂದು ಕೂಗಿಬಿಟ್ಟೆ. “ಹಾಗಾದ್ರೆ ಆಡಮ್ಮ” ಎಂದು ಅವಳು ಎದ್ದು ಜಾಗ ಬಿಟ್ಟಳು. ಅಷ್ಟು ಸಲೀಸು ನೋಡಿ. ಮೂವತ್ತು ವರ್ಷ ಬೇಕಾಯಿತು.

ಮೊದಲ ದಿನ ಮೊದಲ ಅಂಗಳವನ್ನೇ ದಾಟಲಿಲ್ಲ! ಮೇಣದಬತ್ತಿ ಒಡೆದರೆ ಹೃದಯದ ಚಿತ್ರ ಬೀಳುತ್ತದೆ. ಪ್ರಾಣ ಹೆಚ್ಚಿತೆಂದು ಹಿಗ್ಗಿದೆ. ಅದು ಪ್ರಾಣವಲ್ಲ, ಕೊಡಲಿ, ಬಾಕು, ಪವಿತ್ರ ಜಲ ಎಸೆಯಲು ಬೇಕಾದ ಚಿಲ್ಲರೆಯಂತೆ. ಪ್ರಾಣ ತುಂಬುವ ಊಟ ಗೋಡೆಯೊಳಗೆ ಅಡಗಿರುತ್ತದೆ. ಸರಿಯಾದ ಕಲ್ಲು ಒಡೆದರೆ ಹುರಿದ ಮಾಂಸದ ತಟ್ಟೆ! ನಾವು ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಡುವುದಿಲ್ಲವೇ, ಹಾಗೆ.

ಈ ಆಟದ ಗಟ್ಟಿ ನಿಯಮ ಒಂದಿದೆ. ಒಮ್ಮೆ ಹಾರಿದರೆ ನಡುಗಾಳಿಯಲ್ಲಿ ದಿಕ್ಕು ತಿರುಗಿಸುವಂತಿಲ್ಲ. ಚಾವಟಿಯೂ ಗುಂಡಿ ಒತ್ತಿದ ಒಂದು ಚಣ ತಡೆದೇ ಬೀಸುತ್ತದೆ. ಶತ್ರು ಬಂದ ಮೇಲೆ ಒತ್ತಿದರೆ ಕೆಟ್ಟಿರಿ. ಒಗ್ಗರಣೆಯಂತೆಯೇ ಅನ್ನಿ. ಸಾಸಿವೆ ಚಟಪಟ ಅನ್ನುವ ಹೊತ್ತಿಗೆ ಕರಿಬೇವು ಕೈಯಲ್ಲಿರಬೇಕು. ಇದು ಹೊಳೆದ ದಿನದಿಂದ ನನ್ನ ಆಟ ಸುಧಾರಿಸಿತು. ಅತ್ತೆಯವರು ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, “ಅವಸರ ಮಾಡಬೇಡಮ್ಮ, ಆ ರುಂಡ ಹೋಗಲಿ, ಆಮೇಲೆ ಹಾರು” ಎಂದು ಹೇಳಿಕೊಡಲು ಶುರು ಮಾಡಿದರು!

ಆದರೂ ಎಷ್ಟು ಸಲ ಸತ್ತೆನೋ ಲೆಕ್ಕವಿಲ್ಲ. ಮೆಡೂಸಾಳ ರುಂಡಗಳು ಅಲೆಯಂತೆ ಮೇಲೆ ಕೆಳಗೆ ತೇಲಿಬಂದು ತಗಲುತ್ತವೆ, ವೀರ ಹಿಂದಕ್ಕೆ ಎಗರಿ ಗುಂಡಿಗೆ ಬೀಳುತ್ತಾನೆ. ಇದ್ದ ಪ್ರಾಣವೆಲ್ಲ ಮುಗಿದರೆ ಆ ಭಾಗದ ಮೊದಲಿನಿಂದ ಮತ್ತೆ ಆಡು. ಬೇಜಾರಾಗಬೇಕಿತ್ತು. ಆದರೆ ಒಂದು ಮಧ್ಯಾಹ್ನ ನನಗೇ ಆಶ್ಚರ್ಯವಾಯಿತು, ಇಷ್ಟು ಹಗುರ ಯಾಕೆ ಅನಿಸುತ್ತಿದೆ? ನೀವೇ ಹೇಳಿ, ಮನೆಯಲ್ಲಿ ನಮಗೆ ತಪ್ಪುವುದಕ್ಕೆ ಅವಕಾಶ ಎಲ್ಲಿದೆ? ಒಂದು ದಿನ ಹುಳಿಗೆ ಉಪ್ಪು ಜಾಸ್ತಿಯಾದರೆ ಹತ್ತು ವರ್ಷ ನೆಂಟರ ಬಾಯಲ್ಲಿ ಅದೇ ಮಾತು. ಹಾಗಾಗಿ ಬರುವ ಕೆಲಸವನ್ನಷ್ಟೇ ಮಾಡುತ್ತೇವೆ, ಬಾರದ್ದರ ಹತ್ತಿರ ಹೋಗುವುದೇ ಇಲ್ಲ. ಈ ಕೋಟೆಯಲ್ಲಿ ನೂರು ಸಲ ಬಿದ್ದರೂ ಯಾರೂ ಏನೂ ಅನ್ನಲಿಲ್ಲ. ಬೀಳುತ್ತ ಬೀಳುತ್ತಲೇ ಕೈ ಪಳಗಿತು. “ನಿಂಗೆ ಬರಲ್ಲ” ಅನ್ನುವುದು ಸುಳ್ಳು ಕಣ್ರೀ. ರಿಮೋಟು ಕೊಟ್ಟಿರಲಿಲ್ಲ, ಅಷ್ಟೇ.

ಮೂರು ತಿಂಗಳಾದ ಮೇಲೆ ಡ್ರಾಕುಲಾ ಸತ್ತ. ಕೋಟೆ ಕುಸಿಯಿತು. ಕೊನೆಯಲ್ಲಿ ಹೆಸರುಗಳು ಬಂದವು, ಎಲ್ಲ ಹಳೆಯ ಭೂತದ ಸಿನಿಮಾದವರ ಹೆಸರು ತಿರುಚಿದ ತಮಾಷೆ. ಸಂಗೀತ ಜೇಮ್ಸ್ ಬನಾನಾ ಅಂತೆ! ಆ ಹುಮ್ಮಸ್ಸಿನ ಸಂಗೀತ ಕಟ್ಟಿದವರಲ್ಲಿ ಮುಖ್ಯಳು ಕಿನುಯೊ ಯಮಾಶಿತಾ ಎಂಬ ಹೆಣ್ಣುಮಗಳು. ಆಗಷ್ಟೇ ಓದು ಮುಗಿಸಿ ಕೆಲಸಕ್ಕೆ ಸೇರಿದ್ದವಳು. ಗಂಡಸರಿಗೂ ಅಲ್ಲಿ ತಮಾಷೆಯ ಹೆಸರೇ, ಅದು ನಿಜ. ಆದರೂ ಅವಳ ಹೆಸರನ್ನು ನಿಮಗೆ ಹೇಳಬೇಕೆನಿಸಿತು.

ಅದೇ ಸಂಜೆ ಭಾವನಿಗೆ ಫೋನು ಮಾಡಿದೆ. ಅವನಿಗೀಗ ತಲೆ ಪೂರಾ ನೆರೆತಿದೆ. “ಸಾವಿನ ಮುಂಚಿನ ಆ ಓಣಿ ದಾಟಿದ್ಯಾ? ನಾನು ಅಲ್ಲೇ ನಿಂತುಬಿಟ್ಟಿದ್ದೆ ಕಣೇ” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಂಗೂ ಒಂದ್ಸಲ ಕೊಡಬೇಕಿತ್ತು” ಎಂದ. ಸಂಡಿಗೆ ಕಾದದ್ದು ಸಾರ್ಥಕವಾಯಿತು ಅನಿಸಿತು.

ಆಡುವ ಮನಸ್ಸಿದ್ದವರಿಗೆ ನಾಲ್ಕು ಮಾತು:

1. ಹಾರುವ ಮುಂಚೆ ನಿಂತು ನೋಡಿ. ಓಡುತ್ತ ಹಾರಬೇಡಿ.

2. ಕಂಡ ಮೇಣದಬತ್ತಿಯನ್ನೆಲ್ಲ ಒಡೆಯಿರಿ. ಚಾವಟಿ ಉದ್ದವಾಗುವುದೂ ಅದರಿಂದಲೇ.

3. ಪವಿತ್ರ ಜಲ ಸಿಕ್ಕರೆ ಬಿಡಬೇಡಿ. ಸಾವನ್ನೂ ಅದು ನಿಂತಲ್ಲೇ ನಿಲ್ಲಿಸುತ್ತದೆ.

4. ಹೊಸ ಕಟ್ಟಿನಲ್ಲಿ ಆಟವನ್ನು ನಡುವೆ ಉಳಿಸಿಡಬಹುದು. ನಾನು ಪ್ರತಿ ಹಂತಕ್ಕೂ ಉಳಿಸಿಟ್ಟೇ ಆಡಿದೆ, ನಾಚಿಕೆಯೇನಿಲ್ಲ. ಒಲೆ ಮೇಲೆ ಹಾಲಿಟ್ಟು ಮಾತ್ರ ಕೂರಬೇಡಿ! ಅನುಭವದ ಮಾತು.

ಆಟವೇ ಆಗಬೇಕೆಂದಿಲ್ಲ. ಸೈಕಲ್ಲು, ಈಜು, ಹಾರ್ಮೋನಿಯಂ, “ನಿಂಗೆ ಬರಲ್ಲ” ಅನ್ನಿಸಿಕೊಂಡು ಬಾಗಿಲಲ್ಲೇ ನಿಂತದ್ದು ನಿಮಗೂ ಒಂದು ಇದ್ದೇ ಇರುತ್ತದೆ. ಅದು ಯಾವುದು? ಬರೆದು ತಿಳಿಸಿ, ಕಾಯುತ್ತಿರುತ್ತೇನೆ.