ರಸ್ತೆಗೂ ಒಂದು ಪಹಣಿ ಬೇಡವೇ?

ಘಟ್ಟದ ತಿರುವಿನಲ್ಲಿ ಲಂಟಾನದ ಪೊದೆ ಅರ್ಧ ಮುಚ್ಚಿದ ದುಂಡು ಫಲಕವೊಂದನ್ನು ಕಾಣದ ಮಲೆನಾಡಿಗರು ವಿರಳ. ಕೆಂಪು ಬಳೆಯೊಳಗೆ 30 ಎಂದೋ 40 ಎಂದೋ ಬರೆದ ಆ ತಗಡು ಕೆಲವೇ ಮಳೆಗಾಲಗಳಲ್ಲಿ ಪಾಚಿ ಹಿಡಿದು, ತುಕ್ಕು ತಿಂದು ಓದಲಾಗದಂತಾಗುತ್ತದೆ. ಒಂದು ವರ್ಷ ಧರೆ ಜರಿದರೆ ಫಲಕವೂ ಮಣ್ಣಿನೊಡನೆ ಕಣಿವೆ ಸೇರುತ್ತದೆ. ಆಮೇಲೆ ಆ ತಿರುವಿನ ವೇಗಮಿತಿ ಎಷ್ಟು? ಫಲಕವೇ ಮಿತಿಯಾಗಿತ್ತೋ, ಅಥವಾ ಅದರ ಹಿಂದೆ ಯಾವುದಾದರೂ ಕಚೇರಿಯಲ್ಲಿ ಒಂದು ಆದೇಶವಿದೆಯೋ?

ಕಾನೂನಿನ ಉತ್ತರ ಸ್ಪಷ್ಟವಾಗಿಯೇ ಇದೆ. 1988ರ ಮೋಟಾರು ವಾಹನ ಕಾಯಿದೆಯ 112ನೆಯ ಕಲಮಿನ ಪ್ರಕಾರ ವಾಹನಗಳ ಗರಿಷ್ಠ ವೇಗವನ್ನು ಗೊತ್ತುಪಡಿಸುವುದು ಕೇಂದ್ರ ಸರ್ಕಾರ. ನಿರ್ದಿಷ್ಟ ರಸ್ತೆಯ ಅಥವಾ ಸೇತುವೆಯ ಸ್ವರೂಪವನ್ನು ನೋಡಿ ಅದಕ್ಕಿಂತ ಕಡಿಮೆ ಮಿತಿಯನ್ನು ರಾಜ್ಯ ಸರ್ಕಾರ, ಇಲ್ಲವೇ ಅದರಿಂದ ಅಧಿಕಾರ ಪಡೆದ ಪ್ರಾಧಿಕಾರ ವಿಧಿಸಬಹುದು. ಆದರೆ ಅದು ರಾಜಪತ್ರದಲ್ಲಿ ಪ್ರಕಟವಾಗಬೇಕು. ಬಳಿಕ 116ನೆಯ ಕಲಮಿನಂತೆ ಫಲಕ ನೆಡಬೇಕು. ಹೀಗೆ ಫಲಕವೆಂಬುದು ಆದೇಶದ ನೆರಳು ಮಾತ್ರ. ಸ್ಥಳೀಯ ಆದೇಶವೇ ಇಲ್ಲದ ಕಡೆ ಹೇರ್‌ಪಿನ್ ತಿರುವಿಗೂ ಬಯಲುಸೀಮೆಯ ನೇರ ದಾರಿಗೂ ಒಂದೇ ಮಿತಿ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಹೊರಡಿಸಿದ ಅಧಿಸೂಚನೆಯು ಸಾಧಾರಣ ರಸ್ತೆಗಳಲ್ಲಿ ಕಾರುಗಳಿಗೆ ನಿಗದಿಪಡಿಸಿದ್ದು ಗಂಟೆಗೆ 70 ಕಿ.ಮೀ.! ಮಂಜು ಕವಿದ ಘಟ್ಟದಲ್ಲಿ ಆ ವೇಗವನ್ನು ಊಹಿಸಿಕೊಳ್ಳುವುದೂ ಕಷ್ಟ. 60 ಕಿ.ಮೀ. ವೇಗದಲ್ಲಿ ಬರುವ ವಾಹನವು, ಚಾಲಕನು ಬ್ರೇಕಿನ ಮೇಲೆ ಕಾಲಿಡಲು ತೆಗೆದುಕೊಳ್ಳುವ ಒಂದು ಸೆಕೆಂಡಿನಲ್ಲೇ ಸುಮಾರು 17 ಮೀಟರ್ ಸಾಗಿರುತ್ತದೆ, 30 ಕಿ.ಮೀ. ವೇಗದ್ದು 8 ಮೀಟರ್. ಬಸ್ಸಿಳಿದು ರಸ್ತೆ ದಾಟುವ ಶಾಲಾ ಬಾಲಕಿಗೂ ತೋಟದಿಂದ ಕಾಡಿಗೆ ದಾಟುವ ಕಡವೆಗೂ ಆ ವ್ಯತ್ಯಾಸ ಪ್ರಾಣದ ಪ್ರಶ್ನೆ.

ಇಷ್ಟು ಮುಖ್ಯವಾದ ಆದೇಶವನ್ನು ಜನರು ಎಲ್ಲಿ ಓದಬೇಕು? ರಾಜಪತ್ರ ಅಡಕವಾಗಿರುವುದು ದಿನಾಂಕ ಮತ್ತು ಭಾಗಗಳ ಕ್ರಮದಲ್ಲಿ, ರಸ್ತೆಗಳ ಕ್ರಮದಲ್ಲಲ್ಲ. ಹೆದ್ದಾರಿ ಒಂದು ವಿಭಾಗದ್ದು, ಜಿಲ್ಲಾ ರಸ್ತೆ ಲೋಕೋಪಯೋಗಿ ಇಲಾಖೆಯದ್ದು, ಹಳ್ಳಿಯ ರಸ್ತೆ ಪಂಚಾಯತ್ ರಾಜ್ ಎಂಜಿನಿಯರಿಂಗ್‌ನವರದ್ದು. ದಂಡ ಹಾಕುವವರು ಪೊಲೀಸರು. ಒಂದು ತಿಂಗಳಿಗೆ ಮೀರದ ನಿರ್ಬಂಧವಾದರೆ ರಾಜಪತ್ರದ ಅಗತ್ಯವೇ ಇಲ್ಲವೆಂದು ಅದೇ ಕಲಮು ಹೇಳುತ್ತದೆ. ಮಳೆಗಾಲದ ಅಂಥ ಆದೇಶವನ್ನು ಮರುವರ್ಷ ಹುಡುಕಿದರೆ ಹೆಚ್ಚಾಗಿ ಸಿಗುವುದು ಪತ್ರಿಕೆಯ ತುಣುಕು.

ಹೆಸರಿನ ಗೊಂದಲವೂ ಸಣ್ಣದಲ್ಲ. ಶಿರಾಡಿ ಘಾಟಿಯ ಬೆಂಗಳೂರು–ಮಂಗಳೂರು ರಸ್ತೆ ಹಿಂದೆ ರಾಷ್ಟ್ರೀಯ ಹೆದ್ದಾರಿ 48 ಆಗಿತ್ತು. 2010ರ ಮರುಸಂಖ್ಯೆಯಿಂದ ಅದು 75 ಆಯಿತು. 48 ಎಂಬ ಸಂಖ್ಯೆ ಬೆಳಗಾವಿ, ಹುಬ್ಬಳ್ಳಿ, ಚಿತ್ರದುರ್ಗಗಳ ಮೂಲಕ ಹೋಗುವ ದೆಹಲಿ–ಚೆನ್ನೈ ಹೆದ್ದಾರಿಗೆ ಸಂದಿತು. ಸಂಖ್ಯೆಯನ್ನಷ್ಟೇ ನಂಬಿ ಹಳೆಯ ಆದೇಶವನ್ನು ಓದುವವನು ಘಟ್ಟದ ತಿರುವನ್ನು ಬಯಲಿನಲ್ಲಿ ಹುಡುಕಬೇಕಾದೀತು. ರಸ್ತೆ ಅಗಲವಾಗಿ ತಿರುವು ನೇರವಾದರಂತೂ ಕಿಲೋಮೀಟರ್ ಕಲ್ಲಿನ ಲೆಕ್ಕವೂ ತಪ್ಪುತ್ತದೆ.

ದಾಖಲೆ ಇಡಲು ಬಾರದ ರಾಜ್ಯವೇನೂ ಇದಲ್ಲ. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿದ ಕರ್ನಾಟಕವಿದು. ಮೂರು ಗುಂಟೆ ಗದ್ದೆಗೆ ಸರ್ವೆ ನಂಬರು, ಬೆಳೆ, ಋಣ ಎಲ್ಲವೂ ಇದೆ. ಗದ್ದೆಯ ಮುಂದಿನ ರಸ್ತೆಗೆ ಇಲ್ಲ. ನಾರ್ವೆಯಲ್ಲಿ ರಸ್ತೆಯ ಒಂದೊಂದು ತುಂಡಿಗೂ ವೇಗಮಿತಿಯನ್ನು ರಾಷ್ಟ್ರೀಯ ದತ್ತಸಂಚಯದಲ್ಲಿ ದಾಖಲಿಸಿ, ಯಾರಾದರೂ ನೋಡುವಂತೆ ತೆರೆದಿಟ್ಟಿದ್ದಾರೆ. ಘಟ್ಟ, ಕಣಿವೆ, ಮಂಜು ಆ ದೇಶಕ್ಕೂ ಇವೆ.

ಬರಹದಲ್ಲಿರುವ ಆದೇಶಕ್ಕೆ ಎಂಥ ಬಲವಿದೆ ಎಂಬುದಕ್ಕೆ ಬಂಡೀಪುರವೇ ಸಾಕ್ಷಿ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧಿಸಿ ಚಾಮರಾಜನಗರದ ಜಿಲ್ಲಾಧಿಕಾರಿಗಳು 2009ರ ಜೂನ್‌ನಲ್ಲಿ ಆದೇಶ ಹೊರಡಿಸಿ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡರು. ವಿಷಯ ಹೈಕೋರ್ಟಿಗೆ ಹೋಗಿ, 2010ರ ಮಾರ್ಚ್‌ನಲ್ಲಿ ನಿಷೇಧ ಎತ್ತಿಹಿಡಿಯಲ್ಪಟ್ಟಿತು. ಒಪ್ಪಿದವರಿಗೂ ಒಪ್ಪದವರಿಗೂ ವಾದಿಸಲು ಒಂದೇ ಕಾಗದವಿತ್ತು. ವೇಗಮಿತಿಯ ಕಾಗದ ಕಣ್ಣಿಗೆ ಬೀಳದ ಹಳ್ಳಿಗಳಲ್ಲಿ ನಡೆಯುವುದೇ ಬೇರೆ. ಅಪಘಾತವಾಗುತ್ತದೆ, ಜನ ರಸ್ತೆಗೆ ಮರ ಅಡ್ಡ ಹಾಕುತ್ತಾರೆ, ರಾತ್ರೋರಾತ್ರಿ ಒಂದು ಹಂಪ್ ಏಳುತ್ತದೆ. ಬಣ್ಣವಿಲ್ಲದ ಆ ಹಂಪಿನಲ್ಲಿ ಮುಂದಿನ ವಾರ ಇನ್ನೊಬ್ಬ ಬೈಕ್ ಸವಾರ ಬೀಳುತ್ತಾನೆ. ಹಂಪ್ ಕೇಳಿದವರನ್ನು ದೂರಿ ಪ್ರಯೋಜನವಿಲ್ಲ. ಅವರಿಗೆ ಕೇಳಲು ಬೇರೆ ಏನು ಇದೆಯೆಂದು ಯಾರೂ ತಿಳಿಸಿಲ್ಲ.

ಕೇಳಲು ದಾರಿಯಿದೆ. ಇಂಥ ಆದೇಶಗಳನ್ನು ಕೇಳದೆಯೇ ಪ್ರಕಟಿಸುವುದು 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಕಲಮಿನ ಆಶಯ. ಅದು ನಡೆಯದಿದ್ದರೆ 10 ರೂಪಾಯಿ ಶುಲ್ಕದ ಅರ್ಜಿಗೆ 30 ದಿನಗಳೊಳಗೆ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಆದುದರಿಂದ ಇಡೀ ತಾಲ್ಲೂಕನ್ನು ಒಟ್ಟಿಗೆ ಕೇಳದೆ ಒಂದೊಂದೇ ರಸ್ತೆಯನ್ನು ಹಿಡಿಯುವುದು ಲೇಸು. ಆದೇಶದ ಸಂಖ್ಯೆ, ದಿನಾಂಕ, ಎಲ್ಲಿಂದ ಎಲ್ಲಿಗೆ, ಎಷ್ಟು ಫಲಕ: ಇಷ್ಟನ್ನು ಕೇಳಿದರೆ ಸಾಕು.

ಉಳಿದ ಕೆಲಸ ವಿದ್ಯಾರ್ಥಿಗಳದು. ಒಂದು ಭಾನುವಾರ ರಸ್ತೆಯುದ್ದಕ್ಕೂ ನಡೆದು, ಇರುವ, ಬಿದ್ದ, ಓದಲಾಗದ ಫಲಕಗಳನ್ನು ಮೋರಿ, ಸೇತುವೆ, ಸರ್ವೆ ನಂಬರಿನ ಗುರುತಿನೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬಹುದು. ಹೆದ್ದಾರಿಯ ಸಂಖ್ಯೆ ಬದಲಾದರೂ ಸೇತುವೆ ಅಲ್ಲೇ ಇರುತ್ತದೆ. ಮಕ್ಕಳ ಗ್ರಾಮಸಭೆಯಲ್ಲಿ ಮಂಡಿಸಬೇಕಾದ ಪುಸ್ತಕ ಇದು. ಮೊದಲ ಪುಟ ಶಾಲೆಯ ಮುಂದಿನ ರಸ್ತೆಯದಾಗಿರಲಿ. ಆದೇಶದ ಸಂಖ್ಯೆ ಎಂಬ ಅಂಕಣ ಖಾಲಿಯಿದ್ದರೆ ಖಾಲಿಯಾಗಿಯೇ ಬಿಟ್ಟು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಿಂದ ಸ್ವೀಕೃತಿಯ ಸಹಿ ಪಡೆಯಲಿ.