ಮುಷ್ಕರದ ನಡುವೆ ವಜಾ: ಶಿಸ್ತಲ್ಲ, ಬೆದರಿಕೆ

ಆರನೇ ವೇತನ ಆಯೋಗದ ಸಂಬಳ ಕೇಳಿ ರಾಜ್ಯದ ಸಾರಿಗೆ ನಿಗಮಗಳ ನೌಕರರು 2021ರ ಏಪ್ರಿಲ್ 7ರಂದು ಬಸ್ ನಿಲ್ಲಿಸಿದರು. ಮುಷ್ಕರ ಮುಗಿಯುವ ಮೊದಲೇ ವಜಾ, ಅಮಾನತು, ವರ್ಗಾವಣೆಯ ಆದೇಶಗಳು ಹೊರಬಿದ್ದವು. ‘ಮಾಡಿದ್ದನ್ನು ಉಂಡರು’ ಎನ್ನುವವರು ಗೋಕಾಕ, ಹುಕ್ಕೇರಿಯಲ್ಲಿ ಇಂದಿಗೂ ಇದ್ದಾರೆ. ಅವರಿಗೆ ಕಾರ್ಮಿಕರ ಪರವಾಗಿ ಈ ಉತ್ತರ.

ಜನರಿಗೆ ತೊಂದರೆಯಾಯಿತು ಎನ್ನುತ್ತೀರಿ. ಆಯಿತು, ಒಪ್ಪುತ್ತೇವೆ. ಮೂಡಲಗಿಯಿಂದ ಪಾಸು ಹಿಡಿದು ಗೋಕಾಕಿಗೆ ಓದಲು ಬರುತ್ತಿದ್ದ ಹುಡುಗಿಗೆ ಬೇರೆ ದಾರಿಯಿರಲಿಲ್ಲ. ಆದರೆ 2020ರ ಡಿಸೆಂಬರ್‌ನಲ್ಲೂ ಬಸ್ ನಿಂತಿದ್ದವು. ಸರ್ಕಾರದ ಭರವಸೆ ನಂಬಿ ನೌಕರರು ಗಾಡಿ ತೆಗೆದಿದ್ದರು. ಕೊಟ್ಟ ಮಾತು ನಡೆದಿದ್ದರೆ ಏಪ್ರಿಲ್ ಬರುತ್ತಿರಲಿಲ್ಲ.

ಮುಷ್ಕರವೇ ಅಕ್ರಮ ಎಂಬುದು ನಿಮ್ಮ ದೊಡ್ಡ ವಾದ. ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ 22ನೇ ಕಲಂ, ಸಂಧಾನ ನಡೆದಿರುವಾಗ ಸಾರ್ವಜನಿಕ ಸೇವೆಯಲ್ಲಿ ಮುಷ್ಕರ ಕೂಡದು ಎನ್ನುತ್ತಿತ್ತು, ನಿಜ. ಅದೇ ಕಾಯ್ದೆಯ 33ನೇ ಕಲಮನ್ನೂ ಓದಿ. ಸಂಧಾನ ನಡೆದಿರುವಾಗ, ಆ ವಿವಾದಕ್ಕೆ ಸಂಬಂಧಿಸಿದ ತಪ್ಪಿಗೆ ಮಾಲೀಕ ಲಿಖಿತ ಅನುಮತಿ ಪಡೆಯದೆ ಯಾರನ್ನೂ ವಜಾ ಮಾಡುವಂತಿರಲಿಲ್ಲ. ಬೇರೆ ತಪ್ಪಾದರೂ ಒಂದು ತಿಂಗಳ ಸಂಬಳ ಕೊಟ್ಟು ಒಪ್ಪಿಗೆ ಕೇಳಬೇಕಿತ್ತು. ಒಪ್ಪಿಗೆಯಿಲ್ಲದ ವಜಾ ಊರ್ಜಿತವಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2002ರಲ್ಲೇ ಹೇಳಿದೆ. ನೌಕರನ ಕೈ ಕಟ್ಟುವ ಸಂಧಾನ ನಿಗಮದ ಕೈಯನ್ನೂ ಕಟ್ಟುತ್ತದೆ. ಸಂಬಳ ಕೇಳಿದಾಗ ‘ನೀವು ಸರ್ಕಾರಿ ನೌಕರರಲ್ಲ’, ಮುಷ್ಕರಕ್ಕೆ ಇಳಿದಾಗ ‘ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲ’ ಎನ್ನುವುದು ಯಾವ ನ್ಯಾಯ?

ತರಬೇತಿಯಲ್ಲಿದ್ದವರನ್ನು ತೆಗೆದರೆ ತಪ್ಪೇನು ಎಂದೂ ಕೇಳುತ್ತೀರಿ. ಅವರಿಗೆ ರಕ್ಷಣೆ ಕಡಿಮೆ. ಅವರನ್ನು ಹೊಡೆದರೆ ಉಳಿದವರು ಹೆದರುತ್ತಾರೆ. ಈ ಕ್ರೌರ್ಯವನ್ನು ಕ್ಷಮಿಸಲಾಗದು.

ಕಲ್ಲು ತೂರಿದವರ ಮಾತು ಬೇರೆ. ಜಮಖಂಡಿ ಬಳಿ ಚಾಲಕರೊಬ್ಬರ ಜೀವವೇ ಹೋಯಿತು. ಎಸೆದವರಿಗೆ ಕಠಿಣ ಶಿಕ್ಷೆಯಾಗಲಿ. ಡಿಪೋಗೆ ಹೋಗದೆ ಮನೆಯಲ್ಲಿದ್ದ ನಿರ್ವಾಹಕ ಅದಕ್ಕೆ ಹೊಣೆಯಲ್ಲ.

ನಿಗಮ ನಷ್ಟದಲ್ಲಿದೆ ಎಂಬುದಕ್ಕೆ ಹೆಚ್ಚು ಮಾತು ಬೇಡ. ರಿಯಾಯಿತಿ ಪಾಸೂ ಆದಾಯವಿಲ್ಲದ ಹಳ್ಳಿ ಮಾರ್ಗವೂ ಸರ್ಕಾರದ ತೀರ್ಮಾನ, ಚಾಲಕನದಲ್ಲ.

ವಜಾ ಅಷ್ಟು ಸರಿಯಾಗಿದ್ದರೆ, 2021ರ ಸೆಪ್ಟೆಂಬರ್‌ನಲ್ಲಿ ಆಗಿನ ಸಾರಿಗೆ ಸಚಿವ ಬಿ. ಶ್ರೀರಾಮುಲು ವಜಾಗೊಂಡವರನ್ನು ಮರಳಿ ತೆಗೆದುಕೊಳ್ಳುವ ಮಾತು ಕೊಟ್ಟದ್ದೇಕೆ? 2020ರ ಜನವರಿಯಲ್ಲಿ ಆಗಬೇಕಿದ್ದ ವೇತನ ಪರಿಷ್ಕರಣೆ ಶೇ 15ರಷ್ಟಾಗಿ ಬಂದದ್ದು 2023ರ ಮಾರ್ಚ್‌ನಲ್ಲಿ. ನಡುವಿನ 38 ತಿಂಗಳ ಬಾಕಿಗಾಗಿ 2025ರ ಆಗಸ್ಟ್ 5ರಂದು ನೌಕರರು ಮತ್ತೆ ಬಸ್ ನಿಲ್ಲಿಸಬೇಕಾಯಿತು. ಬಾಕಿ ಕೊಟ್ಟು, ಆಮೇಲೆ ಶಿಸ್ತಿನ ಮಾತಾಡಿ.